ರಸ್ತೆ ಮುಗಿಸಿದ ಮಂತ್ರಿ

ಜಾಗ್ರೆಬ್‌ನಿಂದ ಉತ್ತರಕ್ಕೆ ಹೊರಡುವ ಎ4 ಹೆದ್ದಾರಿ ತೀರಾ ಉದ್ದದ್ದೇನಲ್ಲ, 97 ಕಿಲೋಮೀಟರ್. ಸಣ್ಣ ಗುಡ್ಡಗಳು, ಮೆಕ್ಕೆಜೋಳದ ಹೊಲಗಳು, ವರಾಜ್ದಿನ್ ಪಟ್ಟಣಕ್ಕೆ ಹೋಗುವ ತಿರುವು, ದ್ರಾವಾ ನದಿ, ಕೊನೆಗೆ ಗೊರಿಚಾನ್ ಹತ್ತಿರ ಮುರಾ ನದಿ. ಈ ದಡ ಕ್ರೊಯೇಷಿಯಾ, ಆ ದಡ ಹಂಗೇರಿ. ಸೇತುವೆ ದಾಟಿದ ಕೂಡಲೇ ಅದೇ ರಸ್ತೆಯ ಹೆಸರು ಎಂ7 ಎಂದಾಗುತ್ತದೆ. ಬಲಾಟನ್ ಸರೋವರದ ದಕ್ಷಿಣದ ಅಂಚು ಹಿಡಿದು ಬುಡಾಪೆಸ್ಟ್ ಸೇರುತ್ತದೆ. ಕ್ರೊಯೇಷಿಯಾದಲ್ಲಿ ಹೆದ್ದಾರಿ ಹತ್ತುವಾಗ ಚೀಟಿ ತೆಗೆದುಕೊಂಡು ಇಳಿಯುವಾಗ ಟೋಲ್ ಕಟ್ಟಬೇಕು. ಹಂಗೇರಿಯಲ್ಲಿ ಇಷ್ಟು ದಿನಕ್ಕೆ ಇಷ್ಟು ಎಂದು ಮೊದಲೇ ಪಾಸು ಕೊಂಡಿರಬೇಕು. ಗಾಡಿ ಓಡಿಸುವವನಿಗೆ ದೇಶ ಬದಲಾಗಿದ್ದು ಗೊತ್ತಾಗುವುದು ಇಷ್ಟರಿಂದಲೇ.

ಎ4 ಪೂರ್ತಿಯಾಗಿದ್ದು 2003ರಲ್ಲಿ. ಆಗ ದೇಶದ ಲೋಕೋಪಯೋಗಿ ಮತ್ತು ನಿರ್ಮಾಣ ಮಂತ್ರಿಯಾಗಿದ್ದವರು ರಾದಿಮಿರ್ ಚಾಚಿಚ್. ವರಾಜ್ದಿನ್ ಅವರ ಊರು, ಅವರ ಕಂಪನಿಯ ಊರು, ಅವರ ಮತಗಳ ಊರು. 2010ರ ಜನವರಿ 9ರ ಶನಿವಾರ ಅವರು ಕಾರು ಓಡಿಸುತ್ತಾ ಹಂಗೇರಿಯ ಎಂ7ರಲ್ಲಿದ್ದರು. ಮಂಜು ಕವಿದಿತ್ತು. ಮುಂದಿದ್ದ ಕಾರಿಗೆ ಅವರ ಕಾರು ಹಿಂದಿನಿಂದ ಗುದ್ದಿತು. ಆ ಕಾರಿನಲ್ಲಿದ್ದ ಇಬ್ಬರು ಸತ್ತರು. ಎರಡು ವರ್ಷ ಕಳೆಯುವ ಮೊದಲೇ ಅವರು ಕ್ರೊಯೇಷಿಯಾದ ಮೊದಲ ಉಪಪ್ರಧಾನಿಯಾದರು. ಅದಾಗಿ ಹನ್ನೊಂದು ತಿಂಗಳಿಗೆ ಜೈಲು ಶಿಕ್ಷೆಯಾಗಿ ರಾಜೀನಾಮೆ ಕೊಟ್ಟರು. ಐದು ವರ್ಷ ಬಿಟ್ಟು ವರಾಜ್ದಿನ್‌ನ ಜನ ಅವರನ್ನೇ ಮತ್ತೆ ಜಿಲ್ಲೆಯ ಮುಖ್ಯಸ್ಥನನ್ನಾಗಿ ಆರಿಸಿದರು.

ರಸ್ತೆ ಮಾಡಿಸಿದವನು ರಸ್ತೆಯಲ್ಲೇ ಕೆಟ್ಟ ಎಂದು ಒಂದೇ ಸಾಲಿನಲ್ಲಿ ಇದನ್ನು ಹೇಳಿ ಮುಗಿಸಬಹುದು. ನನಗೆ ಅದು ರುಚಿಸುವುದಿಲ್ಲ. ಮನೆಗೋ ನೆಂಟರ ಊರಿಗೋ ಹೊರಟಿದ್ದ ಇಬ್ಬರು ಇನ್ನೊಬ್ಬರ ಜೀವನಚರಿತ್ರೆಗೆ ಉಪ್ಪುಖಾರವಾಗಲಿಕ್ಕೆ ಸತ್ತವರಲ್ಲ. ನನಗೆ ಕುತೂಹಲ ಇರುವುದು ಬೇರೆ ಕಡೆ. ಅಪಘಾತ, ಶಿಕ್ಷೆ, ಪಕ್ಷದಿಂದ ಹೊರದಬ್ಬಿಸಿಕೊಂಡದ್ದು ಇಷ್ಟಾದ ಮೇಲೂ ಈ ಮನುಷ್ಯನಿಗೆ ಮತ ಹಾಕಿದವರು ಏನನ್ನು ನೋಡಿ ಹಾಕಿದರು? ಅದು ಅರ್ಥವಾಗಬೇಕಾದರೆ ಕ್ರೊಯೇಷಿಯಾದಲ್ಲಿ ರಸ್ತೆ ಎನ್ನುವ ಪದದ ಹಿಂದೆ ಏನೇನಿದೆ ಎಂದು ತಿಳಿಯಬೇಕು.

ಚಾಚಿಚ್ ಹುಟ್ಟಿದ್ದು 1949ರಲ್ಲಿ, ಜಾಗ್ರೆಬ್‌ನಲ್ಲಿ. ಓದಿದ್ದು ವಾಸ್ತುಶಿಲ್ಪ. ನೆಲೆ ನಿಂತಿದ್ದು ವರಾಜ್ದಿನ್‌ನಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಒಂಬತ್ತು ವರ್ಷ ಈ ಪಟ್ಟಣವೇ ಕ್ರೊಯೇಷಿಯಾದ ರಾಜಧಾನಿಯಾಗಿತ್ತು. 1776ರ ಬೆಂಕಿ ಊರಿನ ಬಹುಪಾಲನ್ನು ಸುಟ್ಟಿತು, ಆಡಳಿತ ಜಾಗ್ರೆಬ್‌ಗೆ ಹೋಯಿತು, ಬರೋಕ್ ಶೈಲಿಯ ಅರಮನೆಗಳೂ ಚರ್ಚುಗಳೂ ಉಳಿದವು. ಇಲ್ಲಿನವರಿಗೆ ಕೆಲಸಗಾರರು, ಲೆಕ್ಕದವರು ಎಂಬ ಹೆಸರಿದೆ. ಯುಗೊಸ್ಲಾವಿಯಾದ ಕೊನೆಯ ವರ್ಷಗಳಲ್ಲಿ, 1988ರ ಹೊಸ ಕಾನೂನು ಬಂದು ಖಾಸಗಿಯವರು ಕಂಪನಿ ನೋಂದಾಯಿಸಬಹುದು ಎಂದಾದಾಗ, ಅಲ್ಲಿಯವರೆಗೆ ಸರ್ಕಾರಿ ಸಂಸ್ಥೆಗಳಲ್ಲಿ ದುಡಿಯುತ್ತಿದ್ದ ಎಂಜಿನಿಯರುಗಳು ಅಲ್ಲೊಬ್ಬರು ಇಲ್ಲೊಬ್ಬರು ಸ್ವಂತ ಬೋರ್ಡು ಹಾಕಿಕೊಂಡರು. ಚಾಚಿಚ್ ಕಟ್ಟಿದ ಕಂಪನಿಯ ಹೆಸರು ಕೊನಿಂಗ್. ಕಟ್ಟಡ ನಿರ್ಮಾಣವೇ ಅದರ ಮುಖ್ಯ ಕಸುಬು.

1990ರ ದಶಕದ ಕ್ರೊಯೇಷಿಯಾದಲ್ಲಿ ದೊಡ್ಡ ದುಡ್ಡು ಮಾಡಿದವರ ಕಥೆ ಸಾಮಾನ್ಯವಾಗಿ ಒಂದೇ ಅಚ್ಚಿನದು. ಸಮಾಜವಾದಿ ಕಾಲದ ಕಾರ್ಖಾನೆಗಳು, ಹೋಟೆಲುಗಳು, ಅಂಗಡಿ ಸರಪಳಿಗಳು ಖಾಸಗೀಕರಣದ ಹೆಸರಿನಲ್ಲಿ ಕೈ ಬದಲಾಯಿಸಿದವು. ಆಳುವ ಪಕ್ಷವಾದ ಎಚ್‌ಡಿಝೆಡ್‌ಗೆ ಹತ್ತಿರವಿದ್ದವರಿಗೆ ಅವು ಅಗ್ಗದಲ್ಲಿ ಸಿಕ್ಕವು. ಇನ್ನೂರು ಸಿರಿವಂತ ಕುಟುಂಬಗಳು ಎಂಬ ಮಾತು ಇಂದಿಗೂ ಅಲ್ಲಿ ಬೈಗುಳದಂತೆ ಬಳಕೆಯಲ್ಲಿದೆ. ಅಂಥ ಕಾಲದಲ್ಲಿ ಚಾಚಿಚ್ ದುಡ್ಡೂ ಮಾಡಿದರು, ವಿರೋಧ ಪಕ್ಷದಲ್ಲೂ ಇದ್ದರು. ಹಣವಂತ ಅಂದರೆ ಆಳುವವರ ಮನುಷ್ಯ ಎಂದೇ ಜನ ತಿಳಿಯುತ್ತಿದ್ದ ದಿನಗಳಲ್ಲಿ ಇದೊಂದು ಬಂಡವಾಳ. ನಮ್ಮವನು ಸ್ವಂತ ದುಡಿಮೆಯಿಂದ ಬಂದವನು ಎಂದು ಊರವರು ಹೇಳಿಕೊಳ್ಳಬಹುದಿತ್ತು.

ಅವರಿದ್ದ ಪಕ್ಷ ಕ್ರೊಯೇಷಿಯನ್ ಪೀಪಲ್ಸ್ ಪಾರ್ಟಿ, ಅಲ್ಲಿಯವರ ಬಾಯಲ್ಲಿ ಎಚ್‌ಎನ್‌ಎಸ್. ಉದಾರವಾದಿ ಪಕ್ಷ, ನಗರದ ಓದಿದವರ ಪಕ್ಷ, ಗಾತ್ರದಲ್ಲಿ ಚಿಕ್ಕದು. 1990ರಲ್ಲಿ ಅದನ್ನು ಹುಟ್ಟುಹಾಕಿದವರು ಸಾವ್ಕಾ ದಾಬ್ಚೆವಿಚ್-ಕುಚಾರ್. ಈ ಅರ್ಥಶಾಸ್ತ್ರಜ್ಞೆಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋದರೆ ರಸ್ತೆಯ ಕಥೆ ಅರ್ಧಕ್ಕೆ ನಿಲ್ಲುತ್ತದೆ.

ಸಾವ್ಕಾ 1967ರಲ್ಲಿ ಯುಗೊಸ್ಲಾವಿಯಾದೊಳಗಿನ ಕ್ರೊಯೇಷಿಯಾ ಗಣರಾಜ್ಯದ ಸರ್ಕಾರದ ಮುಖ್ಯಸ್ಥೆಯಾದವರು, ಆ ಹುದ್ದೆಗೆ ಬಂದ ಮೊದಲ ಹೆಂಗಸು. 1969ರಿಂದ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ನಾಯಕಿ. ಕ್ರೊಯೇಷಿಯಾ ಗಳಿಸಿದ ವಿದೇಶಿ ಹಣ ಕ್ರೊಯೇಷಿಯಾದಲ್ಲೇ ಉಳಿಯಬೇಕು, ನಮ್ಮ ಖರ್ಚನ್ನು ನಾವೇ ತೀರ್ಮಾನಿಸಬೇಕು ಎಂಬ ಚಳವಳಿಗೆ ಆಗ ಅವರದೇ ಮುಂದಾಳತ್ವ. 1971ರ ಈ ಅಲೆಗೆ ಕ್ರೊಯೇಷಿಯಾದ ವಸಂತ ಎಂದು ಹೆಸರು. ಆ ವಸಂತದ ಬೇಡಿಕೆಗಳಲ್ಲಿ ಮಣ್ಣು, ಡಾಂಬರಿನ ರೂಪದಲ್ಲಿ ಕಣ್ಣಿಗೆ ಕಾಣುವಂಥದ್ದು ಒಂದಿತ್ತು. ಒಳನಾಡಿನ ಜಾಗ್ರೆಬ್‌ನಿಂದ ಕಡಲತಡಿಯ ಸ್ಪ್ಲಿಟ್‌ಗೆ ಹೆದ್ದಾರಿ. ಜನ ಸಾಲಪತ್ರ ಕೊಂಡು ದುಡ್ಡು ಸೇರಿಸಲು ತಯಾರಾಗಿದ್ದರು. 1971ರ ಡಿಸೆಂಬರಿನಲ್ಲಿ ಯುಗೊಸ್ಲಾವಿಯಾದ ಅಧ್ಯಕ್ಷ ಟಿಟೊ ಆ ನಾಯಕರನ್ನೆಲ್ಲ ಅಧಿಕಾರದಿಂದ ಕಿತ್ತರು. ಸಾವ್ಕಾ ಸುಮಾರು ಎರಡು ದಶಕ ಸಾರ್ವಜನಿಕ ಬದುಕಿನಿಂದ ಮರೆಯಾದರು. ರಸ್ತೆ 1972ರಲ್ಲಿ ಕಾರ್ಲೊವಾತ್ಸ್ ಪಟ್ಟಣದವರೆಗೆ ಬಂದು ನಿಂತಿತು. ಜಾಗ್ರೆಬ್‌ನಿಂದ ಅಲ್ಲಿಗೆ ಮುಕ್ಕಾಲು ಗಂಟೆಯ ದಾರಿ ಕೂಡ ಇಲ್ಲ.

ನಿಂತದ್ದು ಮೂವತ್ತು ವರ್ಷ ಹಾಗೇ ಇತ್ತು ಎನ್ನಬಹುದು. ನಡುವೆ ಯುದ್ಧ ಬಂತು. 1991ರಲ್ಲಿ ಸೆರ್ಬ್ ಪಡೆಗಳು ಒಳನಾಡನ್ನು ಹಿಡಿದುಕೊಂಡಾಗ ಭೂಪಟದಲ್ಲಿ ಕ್ರೊಯೇಷಿಯಾ ನಡು ಮುರಿದಂತಾಯಿತು. ಆ ವರ್ಷ ನವೆಂಬರಿನಲ್ಲಿ ಮಾಸ್ಲೆನಿತ್ಸಾ ಸೇತುವೆ ಸ್ಫೋಟಗೊಂಡು ನೀರಿಗೆ ಬಿದ್ದ ಮೇಲೆ ಜಾಗ್ರೆಬ್‌ನಿಂದ ಸ್ಪ್ಲಿಟ್‌ಗೆ ನೆಲದ ಮೇಲೆ ಹೋಗುವುದು ಸುತ್ತುಬಳಸಿನ ಮಾತಾಯಿತು. ಪಾಗ್ ದ್ವೀಪಕ್ಕೆ ಫೆರಿ ಹಿಡಿದು ದಾಟಬೇಕು, ಮುಂದೆ ತೇಲುಸೇತುವೆ ಬಂದಾಗ ಅದರ ಮೇಲೆ ಜೀವ ಕೈಯಲ್ಲಿ ಹಿಡಿದು ಸಾಗಬೇಕು. 1995ರಲ್ಲಿ ಯುದ್ಧ ಮುಗಿಯಿತು. ಆದರೂ ಆಗಸ್ಟಿನ ರಜೆಯಲ್ಲಿ ಕಡಲಿಗೆ ಹೊರಟವರು ಲಿಕಾ ಪ್ರಾಂತದ ಎರಡು ಪಥದ ಹಳೆಯ ರಸ್ತೆಯಲ್ಲಿ ಲಾರಿಗಳ ಹಿಂದೆ ಸಾಲುಗಟ್ಟಿ ಬೇಯುವುದು ತಪ್ಪಲಿಲ್ಲ. ಹಾಗಾಗಿ ಜಾಗ್ರೆಬ್–ಸ್ಪ್ಲಿಟ್ ಹೆದ್ದಾರಿ ಎಂದರೆ ಕ್ರೊಯೇಷಿಯಾದವನಿಗೆ ಬರೀ ಒಂದು ಕಾಮಗಾರಿಯ ಹೆಸರಲ್ಲ. ನಮ್ಮ ಅಪ್ಪನ ಕಾಲದಲ್ಲಿ ಕಿತ್ತುಕೊಂಡದ್ದು, ಯುದ್ಧದಲ್ಲಿ ತುಂಡಾದದ್ದು, ಇನ್ನೂ ಕೊಡದೆ ಇರುವುದು ಎಂಬ ಮೂರು ನೆನಪು ಅದರೊಳಗಿತ್ತು.

1999ರ ಡಿಸೆಂಬರ್ 10ರಂದು ಅಧ್ಯಕ್ಷ ಫ್ರಾನ್ಯೊ ತುಜ್ಮನ್ ತೀರಿಕೊಂಡರು. 2000ದ ಜನವರಿ 3ರ ಚುನಾವಣೆಯಲ್ಲಿ ಅವರ ಎಚ್‌ಡಿಝೆಡ್ ಸೋತಿತು. ಇವಿತ್ಸಾ ರಾಚಾನ್ ಪ್ರಧಾನಿಯಾಗಿ ಆರು ಪಕ್ಷಗಳ ಸರ್ಕಾರ ಬಂತು. ಆರು ಪಕ್ಷ ಅಂದ ಮೇಲೆ ಅದು ಹೇಗೆ ನಡೆದಿರಬಹುದು ಎಂದು ನಮಗೆ ವಿವರಿಸಿ ಹೇಳಬೇಕಾದ್ದಿಲ್ಲ. ಎಚ್‌ಎನ್‌ಎಸ್‌ಗೆ ಇದ್ದದ್ದು ಇಬ್ಬರೇ ಸಂಸದರು. ಆದರೆ ಮರುತಿಂಗಳೇ ಅದೇ ಪಕ್ಷದ ಸ್ತಿಯೆಪಾನ್ ಮೆಸಿಚ್ ದೇಶದ ಅಧ್ಯಕ್ಷರಾಗಿ ಗೆದ್ದರು. ಚಾಚಿಚ್‌ಗೆ ಲೋಕೋಪಯೋಗಿ, ನಿರ್ಮಾಣ ಮತ್ತು ಪುನರ್‌ನಿರ್ಮಾಣದ ಖಾತೆ ಸಿಕ್ಕಿತು.

ಹಿಂದಿನ ಸರ್ಕಾರಗಳು ಏನೂ ಮಾಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ವೆಲೆಬಿಟ್ ಪರ್ವತದ ಅಡಿಯ ಸ್ವೇತಿ ರೋಕ್ ಸುರಂಗದ ಕೆಲಸ 1993ರಲ್ಲೇ, ಯುದ್ಧದ ನಡುವೆಯೇ ಶುರುವಾಗಿತ್ತು. ಮಾಸ್ಲೆನಿತ್ಸಾದಲ್ಲಿ ಹೆದ್ದಾರಿಗೆಂದು ಹೊಸ ಕಮಾನು ಸೇತುವೆ 1997ರಲ್ಲಿ ತೆರೆದಿತ್ತು. ತೊಂದರೆ ಇದ್ದದ್ದು ತುಂಡುಗಳಲ್ಲಿ. ಅಲ್ಲೊಂದು ಸೇತುವೆ, ಇಲ್ಲೊಂದು ಅರ್ಧ ಕೊರೆದ ಸುರಂಗ, ನಡುವೆ ಹಳೆಯ ರಸ್ತೆ. ದುಡ್ಡು ಬಂದಾಗ ಕೆಲಸ, ನಿಂತಾಗ ನಿಲುಗಡೆ. ಚಾಚಿಚ್ ಬಂದ ಮೇಲೆ ಆದ ಬದಲಾವಣೆ ಕಟ್ಟುವ ತಂತ್ರಕ್ಕಿಂತ ಹೆಚ್ಚಾಗಿ ದುಡ್ಡು ಹೊಂದಿಸುವ ರೀತಿಯದು. 2001ರಲ್ಲಿ ಹೆದ್ದಾರಿಗಳಿಗೆಂದೇ ಸರ್ಕಾರಿ ಕಂಪನಿಯೊಂದು ಹುಟ್ಟಿತು. ಪೆಟ್ರೋಲು, ಡೀಸೆಲಿನ ಪ್ರತಿ ಲೀಟರಿನ ಬೆಲೆಯಲ್ಲಿ ಒಂದು ಪಾಲು ನೇರವಾಗಿ ರಸ್ತೆಗೆ ಎಂದು ತೆಗೆದಿಡಲಾಯಿತು. ಆ ಆದಾಯವನ್ನೂ ಸರ್ಕಾರದ ಖಾತರಿಯನ್ನೂ ತೋರಿಸಿ ಬ್ಯಾಂಕುಗಳಿಂದ ದೊಡ್ಡ ಸಾಲ ಎತ್ತಿದರು. ಇಡೀ ದಾರಿಯನ್ನು ಭಾಗ ಮಾಡಿ ಒಂದೇ ಹೊತ್ತಿಗೆ ಹಲವು ಕಡೆ ಕೆಲಸ ಶುರುಮಾಡಿದರು. ವಿಯಾಡುಕ್ಟ್, ಕೊನ್‌ಸ್ಟ್ರುಕ್ಟರ್, ಹಿಡ್ರೊಎಲೆಕ್ಟ್ರಾ ಮುಂತಾದ ದೇಶದೊಳಗಿನ ಗುತ್ತಿಗೆದಾರರಿಗೆ ಕೈತುಂಬ ಕೆಲಸ.

ಮತ್ತೊಂದು ಸಂಗತಿ ದಿನಾಂಕ. ಮಂತ್ರಿಯಾದವರು ಬೇಗ, ಶೀಘ್ರದಲ್ಲೇ, ಹಂತಹಂತವಾಗಿ ಎಂದು ಹೇಳುವುದು ವಾಡಿಕೆ. ಕಟ್ಟಡದ ಗುತ್ತಿಗೆ ಹಿಡಿದು ಬೆಳೆದವನಿಗೆ ಆ ಭಾಷೆ ಬರುವುದಿಲ್ಲ. ಅವನಿಗೆ ಗೊತ್ತಿರುವುದು ಯಾವ ದಿನ ಬೀಗದ ಕೈ ಕೊಡುತ್ತೇನೆ ಎಂಬ ಕರಾರು. ಚಾಚಿಚ್ ಮಾತಿನಲ್ಲಿ ಒರಟರು, ಎದುರಾಡಿದವರನ್ನು ತಾಳ್ಮೆಯಿಂದ ಕೇಳಿಸಿಕೊಂಡವರಲ್ಲ. ಈ ಗುಣವೂ ಅದೇ ಕಸುಬಿನ ಕೊಡುಗೆ ಎಂದು ನನ್ನ ಅನಿಸಿಕೆ.

ಸ್ವೇತಿ ರೋಕ್ ಸುರಂಗ 2003ರ ಜೂನ್ 30ರಂದು ತೆರೆಯಿತು. ಸುಮಾರು ಐದೂಮುಕ್ಕಾಲು ಕಿಲೋಮೀಟರ್ ಉದ್ದ. ಈ ದಾರಿಯಲ್ಲಿ ಹೋದವರೆಲ್ಲ ಹೇಳುವ ಒಂದು ಸಂಗತಿ ಇದೆ. ಉತ್ತರದ ಬಾಯಿ ಲಿಕಾದಲ್ಲಿದೆ. ಅಲ್ಲಿ ಬೂದು ಆಕಾಶ, ಚಳಿಗಾಲವಾದರೆ ಹಿಮ, ಬೇಸಿಗೆಯಲ್ಲೂ ಎಷ್ಟೋ ಸಲ ಜಿಟಿಜಿಟಿ ಮಳೆ. ಹಳದಿ ದೀಪಗಳ ಕೊಳವೆಯೊಳಗೆ ನಾಲ್ಕೈದು ನಿಮಿಷ ಓಡಿಸಿ ಆಚೆ ಬಂದರೆ ಕಣ್ಣು ಕುಕ್ಕುವ ಬಿಸಿಲು, ಬೋಳು ಸುಣ್ಣಕಲ್ಲಿನ ಇಳಿಜಾರು, ಕೆಳಗೆ ಏಡ್ರಿಯಾಟಿಕ್ ಕಡಲು. ಕಾರಿನ ಥರ್ಮಾಮೀಟರು ಹತ್ತು ಡಿಗ್ರಿ ಏರಿದ್ದೂ ಉಂಟು. ವೈಪರ್ ನಿಲ್ಲಿಸಿ ಕಪ್ಪು ಕನ್ನಡಕ ಹಾಕಿಕೊಳ್ಳಬೇಕು. ಮುಂದೆ ಮಾಸ್ಲೆನಿತ್ಸಾ ಸೇತುವೆಯ ಮೇಲೆ ಬುರಾ ಎಂಬ ಗಾಳಿ ಬೆಟ್ಟದಿಂದ ಧುಮುಕಿದರೆ ಲಾರಿಗಳನ್ನು ತಡೆದು ನಿಲ್ಲಿಸುತ್ತಾರೆ, ಅದು ಬೇರೆ ಮಾತು. ಅಂತೂ ಮೂವತ್ತು ವರ್ಷ ಕಾದ ದೇಶಕ್ಕೆ ಸುರಂಗದ ಆ ಬಾಯಿಯಲ್ಲಿ ಏನನ್ನಿಸಿರಬಹುದು ಎಂದು ಊಹಿಸಬಹುದು. ಐನೂರು ಭಾಷಣಕ್ಕಿಂತ ಆ ನಾಲ್ಕೈದು ನಿಮಿಷ ಹೆಚ್ಚಿನ ಪ್ರಚಾರ ಮಾಡಿತು.

ಅದೇ ವರ್ಷದ ಕೊನೆಯಲ್ಲಿ ಚುನಾವಣೆ. ರಾಚಾನ್ ಸರ್ಕಾರ ಬಿತ್ತು. ಆದರೆ ಎರಡು ಸ್ಥಾನಗಳ ಎಚ್‌ಎನ್‌ಎಸ್ ಹತ್ತಕ್ಕೆ ಏರಿತು. ಸರ್ಕಾರ ಸೋತು ಅದರೊಳಗಿನ ಚಿಕ್ಕ ಪಕ್ಷ ಐದು ಪಟ್ಟು ಬೆಳೆಯುವುದು ಎಲ್ಲ ಕಡೆ ನಡೆಯುವ ಮಾತಲ್ಲ. ಪಕ್ಷದ ಅಧ್ಯಕ್ಷೆ ಆಗ ವೆಸ್ನಾ ಪುಸಿಚ್, ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ, ಮಾನವ ಹಕ್ಕು, ಯುರೋಪ್ ಎಂದು ಮಾತಾಡುವವರು. ಅವರಿಂದ ಬಂದ ಮತ ಎಷ್ಟು, ಸುರಂಗದಿಂದ ಬಂದ ಮತ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎರಡೂ ಬೇಕಾಗಿದ್ದವು. 2008ರಲ್ಲಿ ಚಾಚಿಚ್ ಪಕ್ಷದ ಅಧ್ಯಕ್ಷರಾದರು.

ಹೆದ್ದಾರಿ ಸ್ಪ್ಲಿಟ್‌ನ ಹೊರವಲಯದ ದುಗೊಪೊಲ್ಯೆಗೆ ಮುಟ್ಟಿದ್ದು 2005ರ ಜೂನ್ 26ರಂದು. ರಿಬ್ಬನ್ ಕತ್ತರಿಸಿದ್ದು ಎಚ್‌ಡಿಝೆಡ್‌ನ ಪ್ರಧಾನಿ ಇವೊ ಸಾನಾಡೆರ್. ಶಂಕುಸ್ಥಾಪನೆ ಒಬ್ಬರದು, ಉದ್ಘಾಟನೆ ಇನ್ನೊಬ್ಬರದು ಆಗುವುದು ಹೆದ್ದಾರಿಗಳ ಹಣೆಬರಹ. ಸಾವ್ಕಾ ಆಗ ಬದುಕಿದ್ದರು. 2009ರಲ್ಲಿ ತೀರಿಕೊಂಡರು.

ಈಗ ಸಾಲದ ಮಾತು. ಚಾಚಿಚ್ ಅಭಿಮಾನಿಗಳು ಇಲ್ಲಿಗೆ ಬಂದಾಗ ದನಿ ತಗ್ಗಿಸುತ್ತಾರೆ. ಕ್ರೊಯೇಷಿಯಾದಲ್ಲಿ ಇರುವವರು ನಲವತ್ತು ಲಕ್ಷಕ್ಕೂ ಕಡಿಮೆ ಜನ. ಇಂದು ಅಲ್ಲಿ ಸುಮಾರು 1,300 ಕಿಲೋಮೀಟರ್ ಹೆದ್ದಾರಿ ಇದೆ. ಬೇಸಿಗೆಯಲ್ಲಿ ಜರ್ಮನಿ, ಆಸ್ಟ್ರಿಯಾ, ಚೆಕ್ ದೇಶಗಳ ಪ್ರವಾಸಿಗರ ಕಾರುಗಳು ತುಂಬಿ ತುಳುಕುತ್ತವೆ, ಫೆಬ್ರವರಿಯಲ್ಲಿ ಖಾಲಿ. ಕಟ್ಟಿದ್ದೆಲ್ಲ ಸಾಲದಲ್ಲಿ. ಚಾಚಿಚ್ ಕಾಲದಲ್ಲಿ ಶುರುವಾದ ವೇಗವನ್ನು ನಂತರ ಬಂದ ಎಚ್‌ಡಿಝೆಡ್ ಸರ್ಕಾರಗಳೂ ಮುಂದುವರಿಸಿದವು. 2010ರ ನಂತರದ ವರ್ಷಗಳಲ್ಲಿ ರಸ್ತೆ ಕಂಪನಿಗಳ ಒಟ್ಟು ಸಾಲ ಹತ್ತಿರ ಹತ್ತಿರ 5 ಶತಕೋಟಿ ಯೂರೊ ಮುಟ್ಟಿತು. ಅದನ್ನು ತೀರಿಸಲು ಹೆದ್ದಾರಿಗಳನ್ನೇ ದಶಕಗಳ ಕಾಲ ಖಾಸಗಿಯವರಿಗೆ ಗುತ್ತಿಗೆ ಕೊಡುವ ಯೋಚನೆ ಬಂತು. ಕಾರ್ಮಿಕ ಸಂಘಗಳು ಐದು ಲಕ್ಷದ ಆಸುಪಾಸು ಸಹಿ ಸಂಗ್ರಹಿಸಿ ಜನಮತಗಣನೆ ಕೇಳಿದವು. ಸಂವಿಧಾನ ನ್ಯಾಯಾಲಯ 2015ರಲ್ಲಿ ಜನಮತಗಣನೆ ಬೇಡವೆಂದಿತು. ಆದರೂ ಸಿಟ್ಟು ನೋಡಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ರಸ್ತೆ ಕಟ್ಟಿದ ದೊಡ್ಡ ಕಂಪನಿಗಳ ಗತಿಯೂ ಹೇಳಿಕೊಳ್ಳುವಂತಿಲ್ಲ. ಹೊಸ ಹೆದ್ದಾರಿಗಳ ಕೆಲಸ ನಿಂತ ಮೇಲೆ ಕೊನ್‌ಸ್ಟ್ರುಕ್ಟರ್, ವಿಯಾಡುಕ್ಟ್ ಎರಡೂ ಒಂದಾದ ಮೇಲೊಂದು ದಿವಾಳಿಯ ಬಾಗಿಲಿಗೆ ಹೋದವು.

ಇದಕ್ಕೆಲ್ಲ ಚಾಚಿಚ್ ಒಬ್ಬರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಬೀಗದ ಕೈ ಕೊಡುವ ದಿನಾಂಕ ಗೊತ್ತಿರುವ ಗುತ್ತಿಗೆದಾರನಿಗೆ ಆಮೇಲಿನ ಮೂವತ್ತು ವರ್ಷದ ನಿರ್ವಹಣೆ, ಬಡ್ಡಿ ಕಾಣುವುದಿಲ್ಲ ಎಂಬುದು ನಿಜ. ಮನೆ ಕಟ್ಟಿಕೊಟ್ಟು ಹೋಗುವವನು ಅದರಲ್ಲಿ ವಾಸ ಮಾಡುವುದಿಲ್ಲವಲ್ಲ.

ಮನೆ ಎಂದಾಗ ನೆನಪಾಯಿತು. ಅವರ ಇನ್ನೊಂದು ಕೆಲಸ ಇದಕ್ಕಿಂತ ಕಡಿಮೆ ಸದ್ದು ಮಾಡಿದರೂ ಹೆಚ್ಚು ಹದವಾಗಿತ್ತು. 2001ರ ಕಾನೂನಿನಡಿ ಬಂದ ವಸತಿ ಯೋಜನೆಯನ್ನು ಪಿಒಎಸ್ ಎಂದು ಕರೆಯುತ್ತಾರೆ. ಜಾಗ ಕೊಡುವುದು ನಗರಸಭೆ, ಒಂದಷ್ಟು ಹಣ ಸರ್ಕಾರದ್ದು, ಉಳಿದದ್ದಕ್ಕೆ ಬ್ಯಾಂಕಿನಿಂದ ಕಡಿಮೆ ಬಡ್ಡಿಯ ಸಾಲ. ಚದರ ಮೀಟರಿಗೆ ಇಷ್ಟಕ್ಕಿಂತ ಹೆಚ್ಚು ಆಗಕೂಡದು ಎಂದು ಬೆಲೆಗೆ ಮಿತಿ. ಸ್ವಂತ ಮನೆ ಇಲ್ಲದ ಸಂಬಳದವರು ಅರ್ಜಿ ಹಾಕಿ ಸರದಿಗೆ ಕಾಯುತ್ತಾರೆ. ಸರ್ಕಾರಗಳು ಬದಲಾದರೂ ಯೋಜನೆ ಉಳಿಯಿತು. ರಾಜಕಾರಣದಲ್ಲಿ ಒಂದು ಯೋಜನೆಗೆ ಸಿಗಬಹುದಾದ ದೊಡ್ಡ ಪ್ರಶಸ್ತಿ ಇದೇ.

ಮಂತ್ರಿಗಿರಿ ಹೋದ ಮೇಲೆ ಚಾಚಿಚ್ ಊರಿಗೆ ಮರಳಿ ಜುಪಾನ್ ಆದರು. ಜುಪಾನ್ ಎಂದರೆ ಜಿಲ್ಲೆಯ ಚುನಾಯಿತ ಮುಖ್ಯಸ್ಥ. ಜಾಗ್ರೆಬ್ ನಗರ ಬಿಟ್ಟರೆ ದೇಶದಲ್ಲಿ ಇಂಥ 20 ಜಿಲ್ಲೆಗಳಿವೆ. ಶಾಲೆ, ಆಸ್ಪತ್ರೆ, ಜಿಲ್ಲಾ ರಸ್ತೆ ಇವರ ಕೈಯಲ್ಲಿ. 2009ರಲ್ಲಿ ಜುಪಾನ್‌ಗಳನ್ನು, ಮೇಯರುಗಳನ್ನು ಜನ ನೇರವಾಗಿ ಆರಿಸುವ ಪದ್ಧತಿ ಮೊದಲ ಸಲ ಬಂದಾಗಲೂ ಅವರೇ ಗೆದ್ದರು. ವರಾಜ್ದಿನ್‌ನಲ್ಲಿ ಅವರು ಹಿಡಿದ ದಾರಿ ಸರ್ಕಾರಿ–ಖಾಸಗಿ ಪಾಲುದಾರಿಕೆ. ಖಾಸಗಿಯವರು ದುಡ್ಡು ಹಾಕಿ ಶಾಲೆಯನ್ನೋ ಕ್ರೀಡಾಂಗಣವನ್ನೋ ಕಟ್ಟುತ್ತಾರೆ, ಸ್ಥಳೀಯ ಆಡಳಿತ ಎರಡು ಮೂರು ದಶಕ ಬಾಡಿಗೆ ಕಟ್ಟುತ್ತದೆ. ದ್ರಾವಾ ನದಿಯ ಬದಿಯಲ್ಲಿ 2008ರಲ್ಲಿ ಎದ್ದ ಒಳಾಂಗಣ ಕ್ರೀಡಾಂಗಣ ಹಾಗೆ ಬಂದದ್ದು. 2009ರ ಜನವರಿಯಲ್ಲಿ ಪುರುಷರ ವಿಶ್ವ ಹ್ಯಾಂಡ್‌ಬಾಲ್ ಪಂದ್ಯಗಳು ಅಲ್ಲೂ ನಡೆದವು. ಇಲ್ಲೂ ಅದೇ ಲಕ್ಷಣ. ಇವತ್ತು ಕಟ್ಟಡ, ಬಿಲ್ಲು ಮುಂದಿನ ಪೀಳಿಗೆಗೆ. ಕಟ್ಟಡ ಕಂಪನಿಯ ಒಡೆಯನೇ ಕಾಮಗಾರಿಗಳ ಮಂತ್ರಿ, ಕಾಮಗಾರಿಗಳ ಜುಪಾನ್ ಆದರೆ ಹಿತಾಸಕ್ತಿಯ ಪ್ರಶ್ನೆ ಬೆನ್ನು ಬಿಡುವುದಿಲ್ಲ. ಅವರಿಗೂ ಬಿಡಲಿಲ್ಲ. ಆ ಪ್ರಶ್ನೆ ಕೇಳಿದವರನ್ನು ಅಸೂಯೆಯವರು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ವ್ಯಾಪಾರಿ ಪ್ರಾಮಾಣಿಕನೇ ಇರಬಹುದು, ಆದರೂ ತಕ್ಕಡಿಯ ಎರಡೂ ತಟ್ಟೆ ಒಬ್ಬನ ಕೈಯಲ್ಲಿ ಇರಬಾರದು.

ಅಪಘಾತ ನಡೆದದ್ದು ಅವರು ಜುಪಾನ್ ಆಗಿದ್ದಾಗ. ಹಂಗೇರಿಯಲ್ಲೂ ಹೆದ್ದಾರಿಯ ವೇಗದ ಮಿತಿ ಗಂಟೆಗೆ 130 ಕಿಲೋಮೀಟರ್. ಮಂಜಿನಲ್ಲಿ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಗಾಡಿ ನಿಲ್ಲಿಸಲು ಆಗುವಷ್ಟೇ ವೇಗ ಇರಬೇಕು. ಕಾನೂನಿನ ಕಣ್ಣಿನಲ್ಲಿ ಪ್ರಶ್ನೆ ಇದ್ದದ್ದು ಇಷ್ಟೇ, ಮತ್ತು ಉತ್ತರಕ್ಕೆ ಸುಮಾರು ಮೂರು ವರ್ಷ ಹಿಡಿಯಿತು.

ಆ ಮೂರು ವರ್ಷದಲ್ಲಿ ಕ್ರೊಯೇಷಿಯಾದ ರಾಜಕಾರಣ ತಲೆಕೆಳಗಾಗಿತ್ತು. ರಿಬ್ಬನ್ ಕತ್ತರಿಸಿದ್ದ ಸಾನಾಡೆರ್ 2009ರಲ್ಲೇ ಏಕಾಏಕಿ ರಾಜೀನಾಮೆ ಕೊಟ್ಟು, 2010ರ ಡಿಸೆಂಬರಿನಲ್ಲಿ ಭ್ರಷ್ಟಾಚಾರದ ತನಿಖೆಗೆ ಸಂಬಂಧಿಸಿ ಆಸ್ಟ್ರಿಯಾದಲ್ಲಿ ಬಂಧಿತರಾಗಿದ್ದರು. ನಾಲ್ಕು ವಿರೋಧ ಪಕ್ಷಗಳು ರಿಯೆಕಾ ನಗರದ ಹತ್ತಿರ ಕಸ್ತಾವ್‌ನ ಒಂದು ರೆಸ್ಟೋರೆಂಟಿನಲ್ಲಿ ಸೇರಿ ಮೈತ್ರಿ ಮಾಡಿಕೊಂಡವು. ಆ ರೆಸ್ಟೋರೆಂಟಿನ ಹೆಸರು ಕುಕುರಿಕು, ಅಂದರೆ ಹುಂಜದ ಕೂಗು. ಪತ್ರಿಕೆಯವರು ಮೈತ್ರಿಗೂ ಅದೇ ಹೆಸರಿಟ್ಟರು, ಅದು ಅಂಟಿಕೊಂಡಿತು. 2011ರ ಡಿಸೆಂಬರ್ 4ರಂದು ಹುಂಜದ ಮೈತ್ರಿ 80 ಸ್ಥಾನ ಗೆದ್ದಿತು. ಜೊರಾನ್ ಮಿಲಾನೊವಿಚ್ ಪ್ರಧಾನಿ, ಚಾಚಿಚ್ ಮೊದಲ ಉಪಪ್ರಧಾನಿ ಮತ್ತು ಆರ್ಥಿಕ ಸಚಿವ. ಹಂಗೇರಿಯಲ್ಲಿ ಕೇಸು ಇನ್ನೂ ನಡೆಯುತ್ತಿತ್ತು.

ತಪ್ಪು ನಡೆದದ್ದು ಇಲ್ಲಿ ಎಂದು ನನಗೆ ಅನಿಸುತ್ತದೆ. ಅಪಘಾತ ಯಾರಿಂದಲೂ ಆಗಬಹುದು. ಆದರೆ ಇಬ್ಬರು ಸತ್ತ ಪ್ರಕರಣದ ತೀರ್ಪು ಬಾಕಿ ಇರುವಾಗ ಸರ್ಕಾರದ ಎರಡನೆಯ ಕುರ್ಚಿಯಲ್ಲಿ ಕೂರುವುದು ಅಪಘಾತವಲ್ಲ, ಲೆಕ್ಕಾಚಾರ. ದೇಶಕ್ಕೆ ನನ್ನಂಥ ಕೆಲಸಗಾರ ಬೇಕು ಎಂಬ ನಂಬಿಕೆ ಅವರಿಗಿತ್ತು, ಪ್ರಧಾನಿಗೂ ಇತ್ತು. ಆರ್ಥಿಕತೆ ಮೂರು ವರ್ಷದಿಂದ ಮಲಗಿತ್ತು. ಸರ್ಕಾರಿ ಕಂಪನಿಗಳ ಮೂಲಕ ವಿದ್ಯುತ್ ಸ್ಥಾವರ, ರೈಲು, ನೀರಾವರಿ ಎಂದು ಹಣ ಸುರಿದು ಎಬ್ಬಿಸುತ್ತೇವೆ ಎಂಬುದು ಯೋಜನೆ. ಏಳಲಿಲ್ಲ. ರಸ್ತೆಗೆ ಒಂದು ಆರಂಭ, ಒಂದು ಅಂತ್ಯ ಇರುತ್ತದೆ. ಆರ್ಥಿಕತೆಗೆ ಬೀಗದ ಕೈ ಕೊಡುವ ದಿನ ಎಂಬುದಿಲ್ಲ. 2012ರಲ್ಲಿ ದೇಶದ ಉತ್ಪನ್ನ ಸುಮಾರು ಶೇಕಡಾ 2ರಷ್ಟು ಕುಗ್ಗಿತು.

ಹಂಗೇರಿಯ ಕೆಳಗಿನ ನ್ಯಾಯಾಲಯ ಮೊದಲು 22 ತಿಂಗಳ ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು. ಅಂದರೆ ಜೈಲಿಗೆ ಹೋಗಬೇಕಾಗಿರಲಿಲ್ಲ. ಮೇಲ್ಮನವಿ ನ್ಯಾಯಾಲಯ 2012ರ ನವೆಂಬರ್ 14ರಂದು ಅಮಾನತನ್ನು ತೆಗೆದುಹಾಕಿತು. 22 ತಿಂಗಳು ಜೈಲೇ. ಅದೇ ದಿನ ಚಾಚಿಚ್ ರಾಜೀನಾಮೆ ಕೊಟ್ಟರು. ಪುಸಿಚ್ ಮೊದಲ ಉಪಪ್ರಧಾನಿಯಾದರು, ಪಕ್ಷದ ಕಿರಿಯ ಇವಾನ್ ವ್ರ್‌ದೊಲ್ಯಾಕ್ ಆರ್ಥಿಕ ಖಾತೆ ವಹಿಸಿಕೊಂಡರು. ಕ್ರೊಯೇಷಿಯಾ 2013ರ ಜುಲೈ 1ರಂದು ಯುರೋಪ್ ಒಕ್ಕೂಟ ಸೇರಿ ಸಂಭ್ರಮಿಸಿದಾಗ ಅದರ ಮಾಜಿ ಉಪಪ್ರಧಾನಿ ವೇದಿಕೆಯ ಹತ್ತಿರವೂ ಇರಲಿಲ್ಲ.

ಶಿಕ್ಷೆ ಅನುಭವಿಸಿ ಹೊರಬಂದಾಗ ಎಚ್‌ಎನ್‌ಎಸ್‌ನಲ್ಲಿ ಅವರಿಗೆ ಜಾಗವಿರಲಿಲ್ಲ. ಕುರ್ಚಿ ಹಂಚಿಕೊಂಡವರು ಎದ್ದು ಜಾಗ ಬಿಡುವುದು ಎಲ್ಲಿಯ ಪದ್ಧತಿ? 2014ರಲ್ಲಿ ಅವರು ಸ್ವಂತ ಪಕ್ಷ ಕಟ್ಟಿದರು. ಪೀಪಲ್ಸ್ ಪಾರ್ಟಿ–ರಿಫಾರ್ಮಿಸ್ಟ್ ಎಂದು ಹೆಸರು, ಜನ ಕರೆಯುವುದು ರಿಫಾರ್ಮಿಸ್ಟರು ಎಂದು. ವಯಸ್ಸು ಅರವತ್ತೈದು. ಪತ್ರಿಕೆಗಳಿಗೆ ಇದು ಮುಗಿದ ಕಥೆಯಾಗಿ ಕಂಡಿತ್ತು. 2017ರಲ್ಲಿ ವರಾಜ್ದಿನ್ ಜಿಲ್ಲೆ ಅವರನ್ನು ಮತ್ತೆ ಜುಪಾನ್ ಮಾಡಿತು.

ಮತದಾರರು ಕ್ಷಮಿಸಿದರು ಎನ್ನುವುದು ಸುಲಭದ ವಿವರಣೆ. ಕ್ಷಮಿಸುವ ಹಕ್ಕು ಇದ್ದದ್ದು ನದಿಯ ಆಚೆಯ ಕುಟುಂಬಗಳಿಗೆ, ಅವರಿಗೆ ವರಾಜ್ದಿನ್‌ನಲ್ಲಿ ಮತವಿಲ್ಲ. ಇಲ್ಲಿನವರು ನೋಡಿದ್ದು ಇನ್ನೊಂದನ್ನು ಎಂದು ನನಗೆ ತೋರುತ್ತದೆ. ದೇಶದಲ್ಲಿ ಅರ್ಧಕ್ಕೆ ನಿಂತ ಕೆಲಸಗಳನ್ನು ಎರಡು ತಲೆಮಾರು ಕಂಡವರಿಗೆ ಮುಗಿಸಿ ಕೊಡುವವನ ಬೆಲೆ ಹೊರಗಿನವರಿಗೆ ಅರ್ಥವಾಗದಷ್ಟು ದೊಡ್ಡದು. ಅವನ ಒರಟುತನ, ಅವನ ದುಡ್ಡು, ಕೊನೆಗೆ ಅವನ ಜೈಲು ಎಲ್ಲವೂ ಆ ಬೆಲೆಯೊಳಗೆ ಸೇರಿಹೋಗುತ್ತವೆ. ನನಗಿದು ಹಿತವೆನಿಸುವುದಿಲ್ಲ, ಆದರೆ ಅರ್ಥವಾಗುತ್ತದೆ.

ಇದಕ್ಕೆ ಇನ್ನೊಂದು ಕಾರಣ ಗಣಿತದ್ದು. ಕ್ರೊಯೇಷಿಯಾದ ಸಂಸತ್ತಿನಲ್ಲಿ 151 ಸ್ಥಾನ. 2020ರ ಚುನಾವಣೆಯ ಹೊತ್ತಿಗೆ ದೇಶವನ್ನು ಹತ್ತು ಕ್ಷೇತ್ರಗಳಾಗಿ ಹಂಚಿ ಒಂದೊಂದರಿಂದ 14 ಮಂದಿಯನ್ನು ಆರಿಸುತ್ತಿದ್ದರು. ಉಳಿದವು ಹೊರದೇಶದಲ್ಲಿರುವ ನಾಗರಿಕರಿಗೆ 3, ಅಲ್ಪಸಂಖ್ಯಾತ ಜನಾಂಗಗಳಿಗೆ 8. ಒಂದು ಪಟ್ಟಿಗೆ ಸ್ಥಾನ ಸಿಗಬೇಕಾದರೆ ಶೇಕಡಾ 5 ಮತ ಬೇಕು, ಆದರೆ ಇಡೀ ದೇಶದಲ್ಲಿ ಅಲ್ಲ, ಆ ಒಂದು ಕ್ಷೇತ್ರದಲ್ಲಿ ಸಿಕ್ಕರೆ ಸಾಕು. ಹಾಗಾಗಿ ದೇಶದ ತುಂಬ ಶೇಕಡಾ 4 ಗಳಿಸಿದವನು ಮನೆಗೆ ಹೋಗುತ್ತಾನೆ, ಒಂದೇ ಮೂಲೆಯಲ್ಲಿ ಬೇರು ಬಿಟ್ಟವನು ಉಳಿಯುತ್ತಾನೆ. ವರಾಜ್ದಿನ್ ಇರುವುದು ಮೂರನೆಯ ಕ್ಷೇತ್ರದಲ್ಲಿ. 2020ರಲ್ಲಿ ರಿಫಾರ್ಮಿಸ್ಟರು ಅಲ್ಲೊಂದು ಸ್ಥಾನ ಗೆದ್ದರು. ಮತ ಬಂದದ್ದು ಚಾಚಿಚ್ ಹೆಸರಿಗೆ. ಅವರು ಜುಪಾನ್ ಆಗಿದ್ದರಿಂದ ಕೂತಿದ್ದು ನತಾಲಿಯಾ ಮಾರ್ಟಿನ್ಚೆವಿಚ್. ಇನ್ನೊಂದು ಹುದ್ದೆಯಲ್ಲಿರುವವರು ಸಂಸತ್ ಸ್ಥಾನವನ್ನು ಮಲಗಿಸಿಟ್ಟು ಪಟ್ಟಿಯಲ್ಲಿರುವ ಬೇರೆಯವರನ್ನು ಕಳಿಸಬಹುದು ಎಂಬುದು ಅಲ್ಲಿನ ನಿಯಮ. ಮರುಚುನಾವಣೆಯ ಖರ್ಚಿಲ್ಲ.

ಎಚ್‌ಡಿಝೆಡ್ ಕೂಟಕ್ಕೆ ಬಂದದ್ದು 66. ಬಹುಮತಕ್ಕೆ ಬೇಕಾದದ್ದು 76. ಪ್ರಧಾನಿ ಆಂದ್ರೆಯ್ ಪ್ಲೆನ್ಕೊವಿಚ್ ಅಲ್ಪಸಂಖ್ಯಾತರ ಎಂಟು ಮತ ಹೊಂದಿಸಿ 74 ಮಾಡಿಕೊಂಡರು. ಬಾಕಿ ಎರಡು. ಒಂದು ಎಚ್‌ಎನ್‌ಎಸ್‌ನ ಪ್ರೆದ್ರಾಗ್ ಷ್ಟ್ರೊಮಾರ್ ಅವರದು, ಚಾಚಿಚ್ ಜಾಗ್ರೆಬ್‌ಗೆ ಹೋದ ಮೇಲೆ ವರಾಜ್ದಿನ್‌ನಲ್ಲಿ ಜುಪಾನ್ ಆಗಿದ್ದವರದು. ಇನ್ನೊಂದು ರಿಫಾರ್ಮಿಸ್ಟರದು. ತುಜ್ಮನ್ ಪಕ್ಷದ ವಿರುದ್ಧ 1990ರಲ್ಲಿ ಸಾವ್ಕಾ ಹಚ್ಚಿದ ದೀಪದ ಎರಡು ಚೂರು ಬತ್ತಿ ಮೂವತ್ತು ವರ್ಷದ ನಂತರ ಅದೇ ಪಕ್ಷದ ಸರ್ಕಾರಕ್ಕೆ ಎಣ್ಣೆಯಾದವು. ಆ ವರ್ಷ ಜುಲೈ 23ರಂದು ಸಂಸತ್ತು ವಿಶ್ವಾಸ ಸೂಚಿಸಿದಾಗ ಪರವಾಗಿ ಬಿದ್ದ ಮತ ಸರಿಯಾಗಿ 76.

2021ರ ಸ್ಥಳೀಯ ಚುನಾವಣೆಯ ನಂತರ ವರಾಜ್ದಿನ್ ಜಿಲ್ಲೆ ಎಚ್‌ಡಿಝೆಡ್‌ನ ಆಂಜೆಲ್ಕೊ ಸ್ತ್ರಿಚಾಕ್ ಕೈಗೆ ಹೋಯಿತು. ಚಾಚಿಚ್‌ಗೆ ಎಪ್ಪತ್ತೆರಡು ದಾಟಿತ್ತು. ಅವರು ವೇಗ ಕೊಟ್ಟ ಜಾಗ್ರೆಬ್–ಸ್ಪ್ಲಿಟ್ ಹೆದ್ದಾರಿ, ಅಂದರೆ ಎ1, ಸ್ಪ್ಲಿಟ್‌ನಿಂದ ದಕ್ಷಿಣಕ್ಕೆ ಮುಂದುವರಿದು 2013ರಲ್ಲಿ ಪ್ಲೋಚೆ ಬಂದರಿನ ಹತ್ತಿರಕ್ಕೆ ಬಂದು ನಿಂತಿತು. ಅಲ್ಲಿಂದ ಆಚೆ ಬೊಸ್ನಿಯಾದ ಒಂದು ಸಣ್ಣ ತುಂಡು ಕರಾವಳಿ ಅಡ್ಡ ಬರುತ್ತದೆ. ಅದನ್ನು ತಪ್ಪಿಸಲು ಪೆಲ್ಯೆಷಾಟ್ಸ್ ಸೇತುವೆ 2022ರಲ್ಲಿ ತೆರೆಯಿತು. ಹೆದ್ದಾರಿ ಮಾತ್ರ ಡುಬ್ರೊವ್ನಿಕ್‌ಗೆ ಇನ್ನೂ ಮುಟ್ಟಿಲ್ಲ. ಆಗಸ್ಟಿನಲ್ಲಿ ಆ ಕೊನೆಯ ಟೋಲ್ ಗೇಟು ದಾಟಿದವರು ಎರಡು ಪಥದ ಹಳೆಯ ರಸ್ತೆಗಿಳಿದು, ಕ್ಯಾರವಾನ್ ಎಳೆದುಕೊಂಡು ಹೋಗುವ ಜರ್ಮನ್ ಕಾರುಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತಾರೆ.